ಅವ್ವ ರೋಗಿಯಾಗಿ ಕೂತ ಸಂಜೆಗಳು

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಬಳ್ಳಾರಿಯ ಗಾಂಧಿನಗರದ ನಮ್ಮ ಮನೆಯ ಮಾಳಿಗೆ ಕೋಣೆಗೆ ಆಫ್ರಿಕಾದ ಹುಡುಗನೊಬ್ಬ ಬಾಡಿಗೆಗೆ ಬಂದ. ಅಲ್ಲಿನ ಕಾಲೇಜಿನಲ್ಲಿ ಡಾಕ್ಟರಿಕೆ ಓದಲು ಸಮುದ್ರ ದಾಟಿ ಬಂದವನು. ಪುಸ್ತಕದ ವಿದ್ಯೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ಕೊನೆಯ ವರ್ಷ ವಾರ್ಡಿನ ಪರೀಕ್ಷೆಯಲ್ಲಿ ನಪಾಸಾಗಿದ್ದ. ಅಲ್ಲಿ ರೋಗಿಯನ್ನು ಮಾತಾಡಿಸಿ, ಕಾಯಿಲೆಯ ಕಥೆ ಕೇಳಿ, ಏನಾಗಿದೆಯೆಂದು ಹೇಳಬೇಕು. ರೋಗಿಗೆ ಇಂಗ್ಲಿಷ್ ಬಾರದು, ಇವನಿಗೆ ಕನ್ನಡ ಬಾರದು. ಇನ್ನೊಮ್ಮೆ ನಪಾಸಾದರೆ ಅವನ ದೇಶದ ಸರಕಾರ ಕೊಡುತ್ತಿದ್ದ ವಿದ್ಯಾರ್ಥಿವೇತನ ನಿಲ್ಲುತ್ತಿತ್ತು. ಡಾಕ್ಟರಾಗದೆ ಊರಿಗೆ ಮರಳಬೇಕಿತ್ತು.

ಪರದೇಶಕ್ಕೆ ಓದಲು ಹೋಗುವ ಮಕ್ಕಳಿಗೆ ಅಲ್ಲಿನ ಭಾಷೆ, ರೀತಿನೀತಿ ಕಲಿಸಿ ಅಣಿಮಾಡುವ ತರಗತಿಗಳು ಈಗ ಇವೆಯಂತೆ. ಅವನಿಗೆ ಅಂಥದ್ದೇನಿತ್ತು, ಮಣ್ಣು! ನಾನಿದ್ದೆ, ನಮ್ಮವ್ವ ಇದ್ದಳು, ಅಡುಗೆಮನೆಯ ಮುಂದೆ ಒಂದು ಪಡಸಾಲೆ ಇತ್ತು. ಅಪ್ಪ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮ್ಯಾನೇಜರು, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು.

ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರು, ಮೂಗಿನ ತುದಿಯಲ್ಲೇ ಸಿಟ್ಟು. "ನಿಮಗೆ ಎಲ್ಲಿ ನೋವಾಗುತ್ತಿದೆ?" ಎಂದು ಅವನಿಂದ ನೂರು ಸಲ ಹೇಳಿಸಿದೆ. ಅವನು ವಾರ್ಡಿಗೆ ಹೋಗಿ ಹಾಗೆಯೇ ಕೇಳಿದ. ರಾರಾವಿ ಕಡೆಯ ಮುದುಕನೊಬ್ಬ ಗಳಗಳ ಏನೋ ಹೇಳಿದನಂತೆ, ಒಂದಕ್ಷರ ತಿಳಿಯಲಿಲ್ಲವಂತೆ. ಜೋಲು ಮುಖ ಹಾಕಿಕೊಂಡು ಬಂದು ಕೂತ.

"ಹೊಟ್ಟಿ ಕಡಿತೈತಿ ಅಂದಿರ್ತಾನ, ತಲಿ ಗಿರ್ ಅಂತೈತಿ ಅಂದಿರ್ತಾನ. ನಿನ್ನ ಪುಸ್ತಕದಾಂಗ ಯಾರ್ ಮಾತಾಡ್ತಾರ ತಾಯಿ?" ಎಂದು ಅವ್ವ ಒಳಗಿನಿಂದ ನಕ್ಕಳು. ಅಕ್ಕಿ ಆರಿಸುತ್ತಿದ್ದ ಮೊರ ಬದಿಗಿಟ್ಟು, ಸೆರಗು ಹೊದ್ದು ಅವನೆದುರು ಕೂತಳು. "ನಾನ ರೋಗಿ. ಕೇಳಪ್ಪ ನನ್ನ."

ಅಂದಿನಿಂದ ದಿನಾ ಸಂಜೆ ಅದೇ ಕೆಲಸ. ಅವ್ವ ಒಂದು ದಿನ ಕುರುಗೋಡಿನ ಗೊಣಗುವ ಮುದುಕಿ, ಇನ್ನೊಂದು ದಿನ ಗಡಿಯಾಚೆಯಿಂದ ಬಂದು ಅರ್ಧ ತೆಲುಗು ಬೆರೆಸಿ ಮಾತಾಡುವ ಬಾಣಂತಿ. ಕೆಮ್ಮುವಳು, ನರಳುವಳು, "ಯವ್ವಾ ಸತ್ತೆ" ಎಂದು ಗೋಡೆಗೆ ಒರಗುವಳು. ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿ ನಗುತ್ತಿದ್ದರು. ಗಂಡನಿಗೆ ಬಡಿಸುವಾಗಲೂ ತುಟಿ ಬಿಚ್ಚದ ನಮ್ಮವ್ವನಲ್ಲಿ ಇಷ್ಟೊಂದು ಮಾತಿದ್ದದ್ದು ನನಗೇ ಗೊತ್ತಿರಲಿಲ್ಲ.

ಒಂದು ಸಂಜೆ ಅವನು, "ನಿಮ್ಮ ಗಂಡನ ಹೆಸರು ಏನಮ್ಮ?" ಎಂದ. ಅವ್ವ ತಲೆ ತಗ್ಗಿಸಿದಳು. ಮತ್ತೆ ಕೇಳಿದ, ಉತ್ತರವಿಲ್ಲ. ವಾರ್ಡಿನಲ್ಲೂ ಹೆಂಗಸರು ಹೀಗೇ ಮಾಡುತ್ತಾರೆ, ಅವರೆಲ್ಲರ ಬುದ್ಧಿಗೆ ಮಂಕು ಕವಿದಿದೆ ಎಂದು ಬರೆದುಕೊಂಡಿದ್ದೇನೆ ಅಂದ! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

"ಗಂಡನ ಹೆಸರು ಬಾಯಿಲೆ ಹೇಳಂಗಿಲ್ಲಪ್ಪ ನಾವು, ಬಾಜೂಕಿದ್ದೋರನ್ನ ಕೇಳಬೇಕು," ಅಂದಳು ಅವ್ವ. ಆಮೇಲೆ, "ಇನ್ನೊಂದು ತಿಳ್ಕೊ. ನಮ್ಮ ಹೆಣ್ಮಕ್ಕಳು ಖರೇ ಬ್ಯಾನಿ ಮೊದಲ ಹೇಳಂಗಿಲ್ಲ. ತಲಿನೋವು ಅಂತಾರ, ಸುಸ್ತು ಅಂತಾರ. ನೀ 'ಮತ್ತೇನಮ್ಮ' ಅಂತ ಕೇಳ್ಕೋತ ಇರು. ಎದ್ದು ಹೋಗೋವಾಗ ಹೇಳ್ತಾರ," ಎಂದಳು.

ಅವನು ತಲೆಯಾಡಿಸಿದ. ಮಾರನೆಯ ದಿನದಿಂದಲೇ ವಾರ್ಡಿನಲ್ಲಿ "ಮತ್ತೇನಮ್ಮ" ಶುರುಮಾಡಿದ. ಹೆಂಗಸರು ಬಾಯಿ ಬಿಡತೊಡಗಿದರಂತೆ. ಅವನ ಮುಖದಲ್ಲಿ ಕಳೆ ಬಂತು. ಈ ಸಲ ಪಾಸಾಗುತ್ತಾನೆ ಎಂದು ನನಗೂ ಧೈರ್ಯ ಬಂತು.

ಪರೀಕ್ಷೆಗೆ ಕೆಲವೇ ದಿನಗಳಿದ್ದವು. ಅಂದು ಅವ್ವ ಯಾವ ವೇಷವನ್ನೂ ಹಾಕದೆ ಸುಮ್ಮನೆ ಬಂದು ಕೂತಳು. ಏನು ತೊಂದರೆ ಎಂದ. ತಲೆನೋವು ಅಂದಳು. ಮತ್ತೇನಮ್ಮ? ಸುಸ್ತು. ಮತ್ತೇನಮ್ಮ? ಏನಿಲ್ಲ ಅಂದಳು. ಅವನು ಬಿಡಲಿಲ್ಲ, ಮತ್ತೆ ಕೇಳಿದ. ಅವ್ವ ಮೊಣಕಾಲಿನ ಮೇಲೆ ಕೈಯೂರಿ ಎದ್ದಳು. ಅರ್ಧ ಎದ್ದವಳು ಹಾಗೇ ನಿಂತು, ನೆಲ ನೋಡುತ್ತ ಹೇಳಿದಳು.

"ಎದಿಯಾಗ ಒಂದು ಗಂಟು ಐತಪ್ಪ. ಎಡಗಡಿ."

"ಯಾವಾಗಿಂದಮ್ಮ?"

"ಹ್ವಾದ ಉಗಾದಿಗಿಂತ ಮೊದಲ."

"ನೋವೈತೇನು?"

"ಇಲ್ಲ. ಅದಕ ಸುಮ್ನಿದ್ದೆ."

"ಭೇಷ್ ಅವ್ವ! ನಾಟಕ ಕಂಪನಿ ಸೇರಬೇಕಿತ್ತು ನೀನು!" ಎಂದು ನಾನು ಚಪ್ಪಾಳೆ ತಟ್ಟಿದೆ. ಅವನು ನಗಲಿಲ್ಲ. ಪೆನ್ನು ಕೆಳಗಿಟ್ಟು ಅವ್ವನ ಕಡೆಗೇ ನೋಡುತ್ತಿದ್ದ. ಅವ್ವ ಸೆರಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಎಳೆದುಕೊಂಡಿದ್ದಳು. "ಅಕ್ಕಾ, ಇದು ನಾಟಕ ಅಲ್ಲ," ಎಂದು ಅವನು ನನಗೆ ಮೆಲ್ಲಗೆ ಹೇಳಿದ.

ಮರುದಿನ ಬೆಳಿಗ್ಗೆಯೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದೊಡ್ಡ ಡಾಕ್ಟರು ಕೇಳಿದ್ದಕ್ಕೆಲ್ಲ ಅವ್ವ ಬಾಯಿ ಹೊಲಿದುಕೊಂಡವಳಂತೆ ಕೂತಳು. "ಆ ಹುಡುಗಗ ಎಲ್ಲಾ ಹೇಳೀನ್ರಿ, ಅಂವನ್ನ ಕೇಳ್ರಿ," ಅಂದಳು. ಅವನೇ ಮುಂದೆ ನಿಂತು ಹೇಳಿದ, ಒಂದು ಕಡೆಯೂ ತಡವರಿಸಲಿಲ್ಲ. ಆಪರೇಷನ್ ಆಯಿತು. ಗಂಟು ಅಷ್ಟರೊಳಗೆ ಬೇರೆ ಕಡೆಗೂ ಹಬ್ಬಿತ್ತು. ಬಹಳ ಕಾಲ ಉಳಿಯಲಾರಳು ಎಂದು ಡಾಕ್ಟರು ಅಪ್ಪನನ್ನು ಹೊರಗೆ ಕರೆದು ಹೇಳಿದರು. ದೇವರ ಮೇಲೆ, ಅಪ್ಪನ ಮೇಲೆ, ನಮ್ಮ ಮನೆಯ ಮರ್ಯಾದೆಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇವತ್ತಿಗೂ ಪೂರ್ತಿ ಇಳಿದಿಲ್ಲ.

ಹುಡುಗ ಪಾಸಾದ. ಊರಿಗೆ ಹೊರಡುವ ದಿನ ಪೇಢೆ ತಂದು ಅವ್ವನ ಕಾಲು ಮುಟ್ಟಿದ. ಹಾಸಿಗೆಯಲ್ಲಿದ್ದ ಅವ್ವ ಅವನ ಕೆನ್ನೆ ಸವರಿ, "ನಿಮ್ಮ ಊರಾಗೂ ಹೆಣ್ಮಕ್ಕಳು ಇರ್ತಾರಲ್ಲ, ಹಿಂಗ ಕೇಳಪ್ಪ," ಎಂದಳು. ಅವನು ಕಣ್ಣೊರೆಸಿಕೊಂಡು ಹೋದ.

ಅವನು ಗೇಟು ದಾಟಿದ ಮೇಲೆ ಅಪ್ಪ ಮಂಚದ ಬದಿಯಲ್ಲಿ ಕೂತರು. ಎಷ್ಟು ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದರೋ, ಅಂದೇಬಿಟ್ಟರು.

"ಪರದೇಶದ ಹುಡುಗನ ಮುಂದ ಹೇಳಿದಿ. ನನ್ನ ಮುಂದ ಯಾಕ ಹೇಳಲಿಲ್ಲ?"

ಅವ್ವನಿಗೆ ಸಿಟ್ಟಿರಲಿಲ್ಲ. ಅಡುಗೆಗೆ ಏನು ಮಾಡಲಿ ಎಂದು ಕೇಳುವ ದನಿಯಲ್ಲೇ ಹೇಳಿದಳು.

"ನೀವು ಯಾವತ್ತು ಕೇಳೀರಿ? ಅಂವ ಕೇಳಿದ, ಹೇಳಿದೆ."