ಬೆನ್ನ ಹಿಂದಿನ ಕೈಗಳು

ಹ್ಯೂಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸ್‌ಗಳಿಗೆ ಅರಿವಳಿಕೆ ಕೊಡುವುದನ್ನು ಕಲಿಸುವ ನಾಗಮಣಿ ಮೇಡಂ, ಆಪರೇಷನ್ ಥಿಯೇಟರಿಗೆ ಕಾಲಿಟ್ಟ ಕೂಡಲೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ. ಮುಂದೆ ತಾವೂ ಟೀಚರ್ ಆಗಬೇಕೆಂದಿರುವ ವಿದ್ಯಾರ್ಥಿಗಳಿಗೆ ಅವರ ಮೊದಲ ಪಾಠವೇ ಅದು: "ಕೆಲಸ ಮಾಡೋಕೆ ನಿಂಗೆ ಬರತ್ತೆ. ಈಗ ಸುಮ್ನೆ ನಿಲ್ಲೋದು ಕಲಿ." ಊರಾಚೆ ಫುಲ್‌ಶೀರ್‌ನಲ್ಲಿರುವ ತಮ್ಮ ಮನೆಗೆ ಶಿಷ್ಯರನ್ನು ಊಟಕ್ಕೆ ಕರೆದಾಗಲೂ ಇದೇ ಚಾಳಿ, ಗಂಡ ಶ್ರೀಕಂಠಯ್ಯನವರು ಕಾವಲಿಯಿಂದ ದೋಸೆ ಎಬ್ಬಿಸಲಾರದೆ ಒದ್ದಾಡುತ್ತಿದ್ದರೆ ಮೇಡಂ ಕೈ ಕಟ್ಟಿ ನಿಂತು, "ರೀ, ಇನ್ನೊಂದ್ಸಲ ಟ್ರೈ ಮಾಡಿ" ಎನ್ನುತ್ತಾರೆ, ಶಿಷ್ಯರೆಲ್ಲ ಹಸಿದು ಕೂತಿರುತ್ತಾರೆ. ಈಕೆಯದು ಕಲ್ಲೆದೆಯೆಂದೇ ನಂಬಿದ್ದ ಶಿಷ್ಯೆ ಸಿಯಾ, ಇವತ್ತು ಮೇಡಂ ಎದುರಿಗೇ ಮೊದಲ ಸಲ ಜೂನಿಯರ್ ಒಬ್ಬಳಿಗೆ ಕಲಿಸಿದಳು. ರೋಗಿಯ ಗಂಟಲಿಗೆ ಉಸಿರಿನ ಕೊಳವೆ ಇಳಿಸುವಾಗ ಆ ಹುಡುಗಿ ತಡಕಾಡಿದಳು. ಸಿಯಾ ಬೆನ್ನ ಹಿಂದಿನ ಕೈ ಬಿಚ್ಚದೆ, ಅವಸರ ಬೇಡ ಎಂದಷ್ಟೇ ಹೇಳಿದಳು. ಕೊಳವೆ ಇಳಿಯಿತು, ರೋಗಿಯ ಎದೆ ಹದವಾಗಿ ಏರಿಳಿಯತೊಡಗಿತು. ಹೊರಗೆ ಬಂದ ಸಿಯಾ ಗ್ಲೌಸ್ ಕಳಚಿದರೆ ಅಂಗೈಯಲ್ಲಿ ನಾಲ್ಕು ಉಗುರಿನ ಗುರುತು. "ಜೀವ ಬಾಯಿಗೆ ಬಂದಿತ್ತು, ಮೇಡಂ," ಎಂದಳು. "ಸದ್ಯ! ನೀನು ಕಲಿಸ್ತೀಯ ಬಿಡು," ಎಂದು ನಾಗಮಣಿ ನಕ್ಕು, ತಮ್ಮ ಅಂಗೈ ಬಿಡಿಸಿ ಅವಳದರ ಪಕ್ಕ ಹಿಡಿದರು. ಅಲ್ಲೂ ನಾಲ್ಕು ಗುರುತು, ಇನ್ನೂ ಕೆಂಪಗೆ.