ಕುಡಿಯದವರ ಅಮಲು

ಮದುವೆಯಾಗಿ ಇಪ್ಪತ್ತೆರಡು ವರ್ಷಗಳ ಮೇಲೆ ನಾನು ಗಂಡನ ಬಾಯಿ ಮೂಸಿ ನೋಡಲು ಶುರು ಮಾಡಿದೆ. ಅಡಿಕೆ ಹೋಳನ್ನೂ ಮುಟ್ಟದ ಮನುಷ್ಯ. ಗೋಕಾಕದ ಕೋರ್ಟಿನ ಎದುರು ಕುಳಿತು ಬಾಂಡ್, ಅರ್ಜಿ ಬರೆದುಕೊಡುವುದು ಅವರ ಕೆಲಸ. ನಾನು ಮೂಡಲಗಿಯ ಸಾಲಿಯಲ್ಲಿ ಶಿಕ್ಷಕಿ, ದಿನಾ ಬಸ್ಸಿನಲ್ಲಿ ಓಡಾಟ. ಒಂದು ಸಂಜೆ ಅವರು ಬಾಗಿಲು ತೆಗೆದು ಮಾತಾಡಿದಾಗ ಕೊಳೆಯಲು ಹತ್ತಿದ ಹಣ್ಣಿನಂಥ ಸಿಹಿ ವಾಸನೆ ಬಂತು. ನಾಲಿಗೆ ಒಂದಿಷ್ಟು ದಪ್ಪಗಾದಂತಿತ್ತು.

ಏನೂ ಕೇಳಲಿಲ್ಲ. ನೋಡುತ್ತಾ ಹೋದೆ.

ರವಿವಾರ ಹಾಡುಹಗಲೇ ಕುಳಿತಲ್ಲೇ ತೂಕಡಿಸುತ್ತಿದ್ದರು. ಮುಂಜಾನೆ ಪೂಜೆಗೆ ಕುಳಿತಾಗ ಎಡ ಅಂಗೈ ಮೇಲಿನ ಇಷ್ಟಲಿಂಗ ಅಲುಗಾಡುತ್ತಿತ್ತು. ಕುಡುಕರ ಕೈ ಹೀಗೆಯೇ ನಡುಗುವುದು ಎಂದುಕೊಂಡೆ. ಅದೇ ವಾರ ನಾಗನೂರಿನ ಕುರುಬರ ಹಿರಿಯರೊಬ್ಬರು ಮನೆ ಹುಡುಕಿಕೊಂಡು ಬಂದು ಇವರು ಬರೆದುಕೊಟ್ಟಿದ್ದ ಬಾಂಡ್ ಕಾಗದ ಬಿಚ್ಚಿದರು.

“ಅಕ್ಕಾರ, ರಜಿಸ್ಟ್ರಾರ್ ಸಾಹೇಬ್ರು ಇದನ್ನ ತಗೊಳ್ಳಂಗಿಲ್ಲ ಅಂದ್ರು. ನಮ್ಮಪ್ಪನ ಹೆಸರ ಎರಡ ಸಲ ಬರದಾರ, ನನ್ನ ಹೆಸರ ಇಲ್ಲ.”

ಮುತ್ತಿನಂಥ ಅಕ್ಷರದ ಗಂಡ. ಸಾಲುಗಳು ಬಲಕ್ಕೆ ಹೋದಂತೆ ಕೆಳಗೆ ಜಾರಿದ್ದವು.

ಅವರು ಸ್ನಾನಕ್ಕೆ ಹೋದಾಗ ಚೀಲ ತಡಕಿದೆ. ಬಾಟಲಿ ಸಿಗಲಿಲ್ಲ. ಅಂಗಿಯ ಕಿಸೆಯಲ್ಲಿ ಯಾಲಕ್ಕಿ ಸಿಕ್ಕಿತು. ಎಂದೂ ಯಾಲಕ್ಕಿ ಜಗಿದವರಲ್ಲ. ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಹುಕ್ಕೇರಿಯಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. ಅವನು ಎರಡು ದಿನ ಕೋರ್ಟಿನ ಬಾಜೂಕಿನ ಚಹಾದಂಗಡಿಯಲ್ಲಿ ಕುಳಿತು ಕಾದ.

“ಅಕ್ಕಾ, ಮಾಮಾ ದಾರೂ ಅಂಗಡಿ ಕಡೆ ಹೊಳ್ಳಿನೂ ನೋಡಲಿಲ್ಲ. ಕುಂತಲ್ಲೇ ನಿದ್ದಿ ಮಾಡ್ತಾರ, ಅಷ್ಟ.”

ಗಂಡಸರು ಗಂಡಸರನ್ನು ಬಿಟ್ಟುಕೊಡುತ್ತಾರೆಯೇ? ತಮ್ಮನ ಮೇಲೂ ಸಂಶಯ ಬಂತು.

ಮುಂದಿನ ತಿಂಗಳು ಅವನ ಮಗಳ ಹೆಸರಿಡುವ ಕಾರ್ಯಕ್ರಮ. ಹುಕ್ಕೇರಿಯಲ್ಲಿ ಊಟದ ಸಾಲಿನಲ್ಲಿ ನನ್ನ ಗಂಡ ಹೋಳಿಗೆಯ ಮೇಲೆ ನೀರು ಸುರಿದುಕೊಂಡರು. ಬಡಿಸುತ್ತಿದ್ದ ನಾನು ಓಡಿಹೋದೆ. ನನ್ನನ್ನು ನೋಡಿ ಬಹಳ ಮರ್ಯಾದೆಯಿಂದ ಕೇಳಿದರು, “ನಿಮ್ಮದು ಯಾವ ಊರ್ರಿ?”

ಹತ್ತಿರ ಕುಳಿತವರು ಮುಖ ಮುಖ ನೋಡಿಕೊಂಡರು. ನಾಚಿಕೆಯಿಂದಲೋ ಸಿಟ್ಟಿನಿಂದಲೋ ನಾನು ಎಲ್ಲರಿಗೂ ಕೇಳುವಂತೆ ಕೂಗಿದೆ: “ಮಂದಿ ಮನಿ ಕಾರ್ಯಕ್ಕೂ ಕುಡದ ಬರೋದೇನ್ರಿ?”

ಅವರು ಕಣ್ಣು ಮುಚ್ಚಿ ಪಕ್ಕದವರ ಭುಜದ ಮೇಲೆ ವಾಲಿದರು. ಎಷ್ಟು ಅಲುಗಿಸಿದರೂ ಎಚ್ಚರಾಗದಿದ್ದಾಗ ತಮ್ಮ ಗಾಡಿ ತರಿಸಿದ.

ಆಸ್ಪತ್ರೆಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹೊಟ್ಟೆ ಒತ್ತಿ ನೋಡಿ ಮೊದಲು ಕೇಳಿದ್ದೇ, “ಎಷ್ಟ ವರ್ಷದಿಂದ ಕುಡೀತಾರ್ರಿ?”

“ಕುಡಿಯಂಗಿಲ್ರಿ,” ಎಂದೆ. ಹೇಗೆ ಬಾಯಿಗೆ ಬಂತೋ ತಿಳಿಯದು. ಅದು ಖರೆಯೋ ಸುಳ್ಳೋ ನನಗೇ ಗೊತ್ತಿರಲಿಲ್ಲ.

ಮರುದಿನ ಅವರಿಗೆ ಅರೆ ಎಚ್ಚರವಾದಾಗ, ಬಸ್ಸಿಗೆ ಕೈ ಅಡ್ಡ ಹಿಡಿದಂತೆ ಎರಡೂ ಕೈ ಚಾಚಲು ಡಾಕ್ಟರು ಹೇಳಿದರು. ಅಂಗೈಗಳು ಹಕ್ಕಿಯ ರೆಕ್ಕೆಯಂತೆ ಬಡಿದುಕೊಂಡವು. ರಕ್ತ, ಸ್ಕ್ಯಾನು ಎಲ್ಲ ನೋಡಿ ಡಾಕ್ಟರು ನನ್ನನ್ನು ಹೊರಗೆ ಕರೆದರು. ಅವರು ಬಾಯಿ ತೆರೆಯುವ ಮೊದಲೇ ಕೇಳಿದೆ, “ರಕ್ತದಾಗ ದಾರೂ ಸಿಕ್ಕೈತೇನ್ರಿ?”

“ಇಲ್ರಿ. ಲಿವರ್ ಗಟ್ಟಿಯಾಗಿ ಕುಗ್ಗೈತಿ. ಶುಗರ್ ಇತ್ತು, ಲಿವರಿನಾಗ ಕೊಬ್ಬು ತುಂಬಿತ್ತು. ಕುಡೀದವ್ರಿಗೂ ಹಿಂಗ ಆಗತೈತಿ. ಕರುಳಿನಾಗ ಅಮೋನಿಯಾ ಅಂತ ವಿಷ ಹುಟ್ಟತೈತ್ರಿ. ಲಿವರ್ ಅದನ್ನ ಮೂತ್ರದಾಗ ಹೋಗೋ ಹಂಗ ಮಾಡಬೇಕು. ಇವರದು ಮಾಡವಲ್ದು, ವಿಷ ಮಿದುಳಿಗೆ ಏರೈತಿ. ಮಿದುಳಿನ ಕೋಶಗಳು ಅದನ್ನ ಹಿಡದು ಗ್ಲುಟಮಿನ್ ಮಾಡಿ ಒಳಗ ಇಟ್ಕೋತಾವು. ಅದು ಹೆಚ್ಚಾದಂಗ ನೀರು ಎಳಕೊಂಡು ಉಬ್ಬತಾವು. ಆ ವಾಸನಿ, ನಿದ್ದಿ, ತೊದಲು ಎಲ್ಲಾ ಲಿವರಿನ ಕಾಟ.”

ನನಗೆ ನಂಬಿಕೆ ಬರಲಿಲ್ಲ. “ಹಂಗಾರ ಆ ಗ್ಲುಟಮಿನ್ನ ವಿಷ ಏನ್ರಿ?”

“ಅಲ್ರಿ. ನಿಮ್ಮ ಮೈಯಾಗೂ ಐತಿ, ನನ್ನ ಮೈಯಾಗೂ ಐತಿ. ಕರುಳಿಗೆ ಅದ ಊಟ, ರೋಗದ ಕೂಡ ಹೊಡದಾಡೋ ಕಣಗಳಿಗೂ ಅದ ಬೇಕು. ಲಿವರ್ ಸೋತಾಗ ಮೈಯಾನ ಸ್ನಾಯುಗಳೂ ಅಮೋನಿಯಾ ಹಿಡದು ಗ್ಲುಟಮಿನ್ ಮಾಡಿ ಸಂಭಾಳಿಸ್ತಾವು. ಸ್ನಾಯು ಕರಗಬಾರ್ದು, ಅದಕ್ಕ ಬ್ಯಾಳಿ, ಹಾಲು ಬಿಡಸಬ್ಯಾಡ್ರಿ. ಮಿದುಳಿನಾಗ ಅತಿಯಾದ್ರ ತ್ರಾಸ.”

ಕೆಲವು ದಿನದಿಂದ ಅವರಿಗೆ ಮಲಬದ್ಧತೆಯಿತ್ತು, ಅದರಿಂದ ವಿಷ ಇನ್ನೂ ಏರಿತ್ತಂತೆ. ಸಿಹಿಯಾದ ಒಂದು ಸಿರಪ್ ಕೊಟ್ಟರು. ದಿನಕ್ಕೆ ಎರಡು ಮೂರು ಸಲ ಹೊಟ್ಟೆ ಸಾಫಾಗಬೇಕು ಎಂದರು. ಮೂರನೆಯ ದಿನ ನನ್ನ ಗಂಡ ಪೇಪರ್ ಕೇಳಿದರು. ನನ್ನನ್ನು ಹೆಸರು ಹಿಡಿದು ಕರೆದರು. ಆಗ ನನಗೆ ಅಳು ಬಂತು.

ಮನೆಗೆ ಬಂದ ಮೇಲೆ ಚೀಲ ತಡಕಿದ್ದು, ಕಿಸೆಯಲ್ಲಿ ಯಾಲಕ್ಕಿ ಸಿಕ್ಕಿದ್ದು, ತಮ್ಮನನ್ನು ಕಾವಲು ಕೂರಿಸಿದ್ದು ಎಲ್ಲವನ್ನೂ ಹೇಳಿದೆ. 

“ಬಾಯಿ ನಾರತೈತಿ ಅಂತ ಕೋರ್ಟಿನಾಗ ಒಬ್ಬಾಂವ ಅಂದಾ. ಅದಕ್ಕ ಯಾಲಕ್ಕಿ,” ಎಂದರು. “ಅಕ್ಷರ ಜಾರೋದು ನನಗೂ ಕಾಣತಿತ್ತು. ತಲಿ ಕೆಡಾಕತ್ತೇತಿ ಅಂತ ಅಂಜಿ ಮುಚ್ಚಿಟ್ಟೆ. ನೀ ಕೇಳಬಹುದಿತ್ತಲ್ಲ?”

“ನೀವು ಹೇಳಬಹುದಿತ್ತಲ್ರಿ?”

ಸಿರಪ್ ಅಳೆದು ಅವರ ಕೈಗೆ ಕೊಟ್ಟೆ.

ಈಗ ಬಾಂಡ್ ಬರೆಯುವುದನ್ನು ಬಿಟ್ಟಿದ್ದಾರೆ. ಲಿವರ್ ಮೊದಲಿನಂತೆ ಆಗುವುದಿಲ್ಲ ಎಂದು ಡಾಕ್ಟರು ಸ್ಪಷ್ಟ ಹೇಳಿದ್ದಾರೆ. ವಿಷ ಮತ್ತೆ ತಲೆಗೇರಿದೆಯೋ ಎಂದು ನೋಡಲು ಮುಂಜಾನೆ ಎದ್ದ ಕೂಡಲೇ ನಾನು ವಾರ ಯಾವುದು ಎಂದು ಕೇಳುತ್ತೇನೆ. ಒಮ್ಮೊಮ್ಮೆ ಸಿಟ್ಟಿನಿಂದ ಬೇಕೆಂದೇ ತಪ್ಪು ಹೇಳುತ್ತಾರೆ. ಬೇಕೆಂದೇ ಹೇಳಿದರೋ ಅಲ್ಲವೋ ಎಂದು ದಿನವಿಡೀ ಸಾಲಿಯಲ್ಲಿ ಚಡಪಡಿಸುತ್ತೇನೆ.

ಹೋದ ವಾರ ಹುಕ್ಕೇರಿಯಲ್ಲಿ ಒಂದು ಮದುವೆ. ದೂರದ ಕಾಕಾ ಒಬ್ಬರು ನನ್ನ ಗಂಡನ ಕಡೆ ಕಣ್ಣು ತೋರಿಸಿ ಮೆಲ್ಲಗೆ ಅಂದರು, “ಅಂತೂ ಕುಡಿಯೋದ ಬಿಟ್ಟಾರಲ್ಲಾ? ಚಲೋ ಆತು.”

ಲಿವರು, ಅಮೋನಿಯಾ, ಗ್ಲುಟಮಿನ್ ಎಲ್ಲವನ್ನೂ ನಿಂತಲ್ಲೇ ಬಿಡಿಸಿ ಹೇಳಿದೆ. ಕಾಕಾ ತಲೆಯಾಡಿಸಿ ನಕ್ಕರು. ಒಂದು ಮಾತನ್ನೂ ನಂಬಿರಲಿಲ್ಲ.