ಹೆತ್ತೆಯ ಹೆಸರಿನ ಬೀಗ

“ನಿಮ್ಮ ಹದದ ಟೀಯನ್ನೇ ಇನ್ನೊಬ್ಬರು ಕಡಿಮೆಗೆ ಕೊಡ್ತಾರೆ, ನಿಮ್ಮದು ಬೇಡ” ಎಂದು ಕೊಚ್ಚಿಯ ವ್ಯಾಪಾರಿ ಫೋನಿಟ್ಟಾಗ, ಕಟ್ಟಬೆಟ್ಟಿನಲ್ಲಿ ಸಣ್ಣ ಟೀ ಫ್ಯಾಕ್ಟರಿ ನಡೆಸುವ ನನ್ನ ಭಾವನ ಮುಖ ಬಿಳಿಚಿಕೊಂಡಿತು. ಚಳಿಗಾಲದ ಎಲೆ ಬಾಡಿಸುವ ತಮ್ಮ ಗುಟ್ಟನ್ನು ಅವರು ವ್ಯಾಪಾರಿ ಕೇಳಿದ್ದಕ್ಕೆ ಅವನ ಜಾಲತಾಣದ ತಮ್ಮ ಖಾತೆಯಲ್ಲಿ ಪಾಸ್‌ವರ್ಡ್ ಹಾಕಿ ಭದ್ರವಾಗಿ ಇಟ್ಟಿದ್ದರು. ನಮ್ಮ ಕಡೆಯಿಂದ ಅದೇ ವ್ಯಾಪಾರಿಗೆ ಟೀ ಕಳಿಸುವ ಇನ್ನೊಬ್ಬನೆಂದರೆ ಅವರ ದಾಯಾದಿ ತಮ್ಮನೇ. ಸೀದಾ ಅವನ ಮನೆಗೇ ಹೋಗಿ ಕೇಳಿದೆವು.

“ಬೀಗ ನಾನು ಒಡೀಲಿಲ್ಲ ಅಣ್ಣಾ. ನಿನ್ನ ಫ್ಯಾಕ್ಟರಿ ಹೆಸರು ಹಾಕಿ, ಕೆಳಗೆ ಪಾಸ್‌ವರ್ಡ್ ಜಾಗದಲ್ಲಿ ಹೆತ್ತೆ ಅಂತ ಬರೆದೆ, ತೆರೀತು. ನಮ್ಮೋರು ಬೇರೇನು ಇಡ್ತಾರೆ?” ಎಂದು ಅವನು ಟೀ ಲೋಟ ಮುಂದಿಟ್ಟ.

ಹೆತ್ತೆ ನಮ್ಮೆಲ್ಲರ ಕುಲದೇವಿ. ಈ ಸಲದ ಹಬ್ಬದಲ್ಲಿ ಎಲ್ಲರೂ ಬಿಳಿ ಬಟ್ಟೆಯುಟ್ಟು, ಆ ತಾಯಿಯ ಹೆಸರು ಕರೆದು ಅಡ್ಡಬಿದ್ದರು. ಭಾವನೂ ಅಡ್ಡಬಿದ್ದರು. ಆ ಹೆಸರು ಕರೆಯಲು ಅವರ ಬಾಯಿ ಮಾತ್ರ ತೆರೆಯಲಿಲ್ಲ.